ಒಂದೂಕಾಲು ಎಕರೆ ಬಿಳಿ

ರಬಕವಿಯ ಟಾಕೀಜಿನ ಪ್ರಚಾರದ ಆಟೊದಲ್ಲಿ ಕೂತು ಮೈಕು ಹಿಡಿಯುತ್ತಿದ್ದ ಈರಪ್ಪನಿಗೆ ಎರಡು ಕನ್ನಡ ಬರುತ್ತಿದ್ದವು. ಒಂದು ಮನೆಯದು, ಇನ್ನೊಂದು ಸಿನಿಮಾದ್ದು. ಚಹಾ ಕೇಳುವಾಗ ಮೊದಲನೆಯದನ್ನು ಬಳಸುತ್ತಿದ್ದ, ಜಗಳಕ್ಕೆ ಮತ್ತು ಪ್ರೇಮಕ್ಕೆ ಎರಡನೆಯದನ್ನು. ಮೊಳಕೈಗೆ ಸೊಳ್ಳೆ ಕೂತರೂ, "ನನ್ನ ರಕ್ತದ ರುಚಿ ನೋಡಿದವನು ನಾಳಿನ ಸೂರ್ಯನ್ನ ನೋಡಲ್ಲ ಕಣೋ!" ಎಂದು ಪೂರ್ತಿ ಹೇಳಿಯೇ ಹೊಡೆಯುತ್ತಿದ್ದ. ಸೊಳ್ಳೆ ಸಾಮಾನ್ಯವಾಗಿ 'ರುಚಿ' ಎನ್ನುವಷ್ಟರಲ್ಲಿ ಹಾರಿಹೋಗಿರುತ್ತಿತ್ತು.

ಅವನ ಬಾಯಿ ಸುತ್ತಲಿನ ಊರಿಗೆಲ್ಲ ಗೊತ್ತು. ಹಿಂದೊಮ್ಮೆ, ಚಿತ್ರದ ನಾಯಕಿ ಖುದ್ದಾಗಿ ಬಂದು ಗೇಟಿನಲ್ಲಿ ಟಿಕೆಟ್ ಹರಿಯುತ್ತಾಳೆಂದು ಬನಹಟ್ಟಿಯ ಓಣಿ ಓಣಿಯಲ್ಲಿ ಕೂಗಿದ್ದ. ಆ ರಾತ್ರಿ ಟಾಕೀಜು ತುಂಬಿತು. ಗೇಟಿನಲ್ಲಿ ಎಂದಿನಂತೆ ಮೀಸೆಯ ವಾಚಮನ್ನನೇ ನಿಂತಿದ್ದ. ಕೇಳಿದವರಿಗೆ ಈರಪ್ಪ, "ನಾಯಕಿ ಅಂದ್ರ ಮೀಸಿ ಇರಬಾರದು ಅಂತ ಯಾವ ಕಾಯ್ದೆದಾಗ ಐತಿ?" ಎಂದ.

ಇಂಥ ಬಾಯಿಗೆ ಮಗಳನ್ನು ಕೊಡಲು ಗಿರಿಮಲ್ಲಪ್ಪನಿಗೆ ಮನಸ್ಸಿರಲಿಲ್ಲ. ಗಿರಿಮಲ್ಲಪ್ಪ ಈರಪ್ಪನ ತಾಯಿಯ ತಮ್ಮ. ಬನಹಟ್ಟಿಯಲ್ಲಿ ಅವನ ಪವರ್‌ಲೂಮಿನ ಶೆಡ್ ಇತ್ತು, ಅದರ ಸದ್ದಿನಲ್ಲಿ ಬಾಳಿ ಬಾಳಿ ಅವನು ಮಾತನ್ನೇ ಕಡಿಮೆ ಮಾಡಿಕೊಂಡಿದ್ದ. ಸೋದರಮಾವನ ಮಗಳು ಸತ್ಯವ್ವ ತನಗೇ ಎಂದು ಈರಪ್ಪ ತೊಟ್ಟಿಲಿನಿಂದಲೂ ನಂಬಿದ್ದ. ಗಿರಿಮಲ್ಲಪ್ಪನ ಕಣ್ಣು ಮಾತ್ರ ಸಮೀರವಾಡಿಯ ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕ್ಲರ್ಕನ ಮೇಲಿತ್ತು. ಆ ಹುಡುಗ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಎಂಟು 'ಮುಂದ ಹೋಗು'.

ಸತ್ಯವ್ವನನ್ನು ಯಾರೂ ಕೇಳಿರಲಿಲ್ಲ. ಈರಪ್ಪ ಒಮ್ಮೆ ಸಿನಿಮಾದ ಕನ್ನಡದಲ್ಲಿ ಕೇಳಿದ್ದ. ಅವಳು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಲೇ, "ಇದನ್ನ ನಮ್ಮ ಮಾತಿನ್ಯಾಗ ಕೇಳಾಕ ಬಂದ ದಿನಾ ಹೇಳ್ತೇನಿ," ಎಂದಿದ್ದಳು. ಅವನಿಗೆ ಅದಿನ್ನೂ ಬಂದಿರಲಿಲ್ಲ.

*

ಎಂಬತ್ತೆಂಟರ ಡಿಸೆಂಬರಿನಲ್ಲಿ ಒಬ್ಬ ಸಾಹೇಬ ಜೀಪಿನಲ್ಲಿ ಟಾಕೀಜಿಗೆ ಬಂದು, ಸಿನಿಮಾ ಯಾವುದೆಂದು ಕೇಳದೆ ಪರದೆ ಎಷ್ಟು ದೊಡ್ಡದು ಎಂದು ಕೇಳಿದ. ಹೆಸರು ಪರಮಾನಂದ. ಬೀಳಗಿಯವನು, ಚಿಕ್ಕಂದಿನಲ್ಲೇ ಓದಲು ಊರು ಬಿಟ್ಟು, ಈಗ ಉಪಗ್ರಹಗಳ ಕಚೇರಿಯಲ್ಲಿ ವಿಜ್ಞಾನಿ. ಪರದೆಯನ್ನು ಒಮ್ಮೆ ನೋಡಿ, "ಸಣ್ಣದಾತು," ಎಂದ.

ಈರಪ್ಪನಿಗೆ ಸಿಟ್ಟು ಬಂತು. "ಇಡೀ ತಾಲೂಕಿನ್ಯಾಗ ಇದಕ್ಕಿಂತ ದೊಡ್ಡ ಪರದೆ ಇಲ್ರಿ ಸಾಹೇಬರ. ನಿಮಗೆಷ್ಟ ಬೇಕು?"

"ಒಂದೂಕಾಲು ಎಕರೆ."

ಈರಪ್ಪ ಇದುವರೆಗೆ ನೋಡಿದ ಯಾವ ಸಿನಿಮಾದಲ್ಲೂ ಇದಕ್ಕೆ ಉತ್ತರ ಇರಲಿಲ್ಲ.

ಪರಮಾನಂದ ಟಾಕೀಜಿನ ಕಟ್ಟೆಯ ಮೇಲೆ ಕೂತು ವಿವರಿಸಿದ. ನಮ್ಮ ದೇಶದ್ದೇ ಒಂದು ಉಪಗ್ರಹ ಈ ವರ್ಷ ಮೇಲೆ ಹೋಗಿದೆ. ಅದರಲ್ಲಿ ಕ್ಯಾಮೆರಾ ಇದೆ. ಎಲ್ಲಿ ಕಬ್ಬಿದೆ, ಎಲ್ಲಿ ಜೋಳ, ಎಲ್ಲಿ ಬೀಳು ಬಿದ್ದ ನೆಲ ಎಂದು ಅದು ಬೆಳಕು ನೋಡಿಯೇ ಹೇಳಬೇಕು. ಹೋಗುವ ಮೊದಲು ಅದರ ಕಣ್ಣನ್ನು ಕೋಣೆಯಲ್ಲಿ ಪರೀಕ್ಷೆ ಮಾಡಿ ಕಳಿಸಿದ್ದರು. ಆದರೆ ಮೇಲೆ ಬಿಸಿಲು ಬೇರೆ, ಥಂಡಿ ಬೇರೆ. ಕಣ್ಣು ಮಬ್ಬಾಗಿದ್ದರೆ ಬೆಳೆದ ಕಬ್ಬು ಒಣ ಕಬ್ಬಿನ ಹಾಗೆ ಕಂಡೀತು. ಹತ್ತಿ ಹೋಗಿ ಗಾಜು ಒರೆಸಿ ಬರುವಂತಿಲ್ಲ. ಅದಕ್ಕೇ ಕೆಳಗಿನಿಂದ ಒಂದು ಬಿಳಿಯನ್ನು ತೋರಿಸುವುದು. ಆ ಬಿಳಿ ಎಷ್ಟು ಬಿಳಿ ಎಂದು ನಾವು ಇಲ್ಲೇ ಅಳೆದಿಡುವುದು. ಮೇಲಿನ ಕಣ್ಣು ಎಷ್ಟು ಎನ್ನುತ್ತದೋ ನೋಡಿ, ತಪ್ಪಿದ್ದಷ್ಟನ್ನು ತಿದ್ದಿಕೊಳ್ಳುವುದು.

"ಹಂಗರ ಇದು ಖಾಲಿ ಬೆಳಕಿನ ಕೆಲಸಾರಿ," ಎಂದ ಈರಪ್ಪ. "ನಮ್ಮ ಆಪರೇಟರ ಆಟ ಶುರು ಆಗೂ ಮದಲ ರೀಲ ಹಾಕದ ಬರೇ ಬೆಳಕ ಬಿಟ್ಟು ನೋಡ್ತಾನ. ಪರದೆ ಹಳದಿ ಕಂಡ್ರ ಪರದೆದು ತಪ್ಪಲ್ಲ, ಮಿಷನ್ನಿನ ದೀಪದ ಕಾರ್ಬನ್ ಕಡ್ಡಿ ಸವದೈತಿ ಅಂತ ಲೆಕ್ಕ."

"ಅದ ನೋಡು. ನಮ್ಮ ಆಪರೇಟರ ಒಂಬೈನೂರು ಕಿಲೋಮೀಟರ್ ಮ್ಯಾಲ ಕುಂತಾನ, ಅಷ್ಟ ಫರಕು."

"ಒಂದ ಮನಿ ಅಷ್ಟ ಪರದೆ ಸಾಲೂದಿಲ್ಲೇನ್ರಿ?"

"ಅದರ ಕಣ್ಣಿಗೆ ಒಂದ ಮನಿ ಕಾಣೂದಿಲ್ಲ. ಒಂದ ಓಣಿ ಇದ್ರ ಒಂದ ಚುಕ್ಕಿ ಕಾಣ್ತೈತಿ. ಯರಿ ಹೊಲದ ಕರಿ, ಅದರ ನಡುವ ಒಂದೂಕಾಲು ಎಕರೆ ಬಿಳಿ. ಎರಡೂ ಬೇಕು. ಕಚೇರಿಯವರು ಕೊಟ್ಟ ಬಟ್ಟಿ ಲಾರ್‍ಯಾಗ ತೊಯ್ದು ಹೋತು. ಬರೂ ಅಮಾಸಿ ದಿನ ಮುಂಜಾನೆ ಹತ್ತೂವರಿಗೆ ಅದು ಇಲ್ಲಿ ಮ್ಯಾಲ ಹಾದು ಹೋಗ್ತೈತಿ. ಬಟ್ಟಿ ಎಲ್ಲಿ ಸಿಗತೈತಿ?"

ಈರಪ್ಪ ಎದ್ದು ನಿಂತು ಅಂಗಿಯ ಕಾಲರ್ ಸರಿಪಡಿಸಿಕೊಂಡ. "ಬಟ್ಟೆ ಕೇಳಿದ್ದು ಯಾರ ಊರಲ್ಲಿ ಅಂತ ಗೊತ್ತಾ ನಿಮಗೆ?" ಎಂದ, ಎರಡನೆಯ ಕನ್ನಡದಲ್ಲಿ.

ಪರಮಾನಂದ ಹಿಂದೆ ತಿರುಗಿ ನೋಡಿದ. ಬೇರೆ ಯಾರೋ ಬಂದು ಮಾತಾಡಿದರೆಂದು ತಿಳಿದಿದ್ದ.

*

ಗಿರಿಮಲ್ಲಪ್ಪನ ಶೆಡ್ಡಿನಲ್ಲಿ ಧೋತರದ ಬಿಳಿ ಬಟ್ಟೆಯ ತಾನುಗಳು ಚಾವಣಿಯವರೆಗೆ ಒಟ್ಟಿದ್ದವು. ಅಮಾವಾಸ್ಯೆ ಕಳೆದ ಮೇಲೆ ಸೋಲಾಪುರಕ್ಕೆ ಹೋಗಬೇಕಾದ ಮಾಲು. ಪರಮಾನಂದ ಕೈಮುಗಿದು ದೇಶದ ವಿಷಯ ಹೇಳಿದ. ಈರಪ್ಪ ಮಾವನ ವಿಷಯ ಹೇಳಿದ. "ನಿಮ್ಮ ಅರಿವಿ ಆಕಾಶದಾಗ ಫೋಟೋ ತಗಸ್ಕೋತೈತಿ ಮಾಮಾ. ಸೋಲಾಪುರದಾಗ ಯಾವ ಸಾಹುಕಾರನ ಧೋತರ ಆಕಾಶಕ್ಕ ಕಾಣ್ತೈತಿ ಹೇಳ್ರಿ?"

ಗಿರಿಮಲ್ಲಪ್ಪ ಮಗ್ಗ ನಿಲ್ಲಿಸಿದ. ಅವನು ಮಗ್ಗ ನಿಲ್ಲಿಸಿದರೆ ಮಾತಾಡುತ್ತಾನೆ ಎಂದರ್ಥ.

"ಸಾಹೇಬರ ಮಾತಿಗೆ ಕೊಡ್ತೇನಿ. ಒಂದ ದಿನದ ಮಟ್ಟಿಗೆ. ಲೇ ಈರ್‍ಯಾ, ಜವಾಬ್ದಾರಿ ನಿಂದು. ನನ್ನ ಅರಿವಿ ಹೆಂಗ ಹೋಗತೈತಿ ಹಂಗ ತಿರುಗಿ ಬರಬೇಕು. ಒಂದ ಮಣ್ಣಿನ ಕಲಿ ಕಂಡ್ರ, ಸತ್ಯವ್ವನ ಹೆಸರ ಮರತಬಿಡು. ಸಮೀರವಾಡಿಯವರು ಹುಣ್ಣಿವಿಗೆ ಬರಾಕತ್ತಾರ."

"ಕಲಿ ಇಲ್ಲದ ಬಂದ್ರ?"

"ಬಂದ್ರ ನೋಡೂಣು."

"ನೋಡೂಣು ಅಲ್ಲ ಮಾಮಾ. ಸಾಹೇಬರ ಮುಂದ ಹೇಳ್ರಿ."

ಗಿರಿಮಲ್ಲಪ್ಪ ಪರಮಾನಂದನನ್ನು ನೋಡಿದ. ಪರಮಾನಂದ ಚಾವಣಿ ನೋಡಿದ. "ಬಂದ್ರ ಕೊಡ್ತೇನಿ," ಎಂದು ಗಿರಿಮಲ್ಲಪ್ಪ ಮಗ್ಗ ಶುರು ಮಾಡಿದ. ಮುಂದಿನದ್ದು ಯಾರಿಗೂ ಕೇಳಿಸಲಿಲ್ಲ.

ಹೊರಗೆ ಸತ್ಯವ್ವ ಬಾಗಿಲ ಬಳಿ ನಿಂತಿದ್ದಳು. "ನೀ ಗೆದ್ರ ಯಾರರೆ ಒಬ್ರು ಖುಷಿ ಆಗ್ತಾರ. ಸೋತ್ರ ಅಪ್ಪ ಖುಷಿ. ಒಟ್ಟ ಮನ್ಯಾಗ ಖುಷಿ ಐತಿ," ಎಂದಳು.

"ಆ ಯಾರರೆ ಒಬ್ರು ಯಾರು?"

"ನಮ್ಮ ಎಮ್ಮಿ," ಎಂದು ಒಳಗೆ ಹೋದಳು.

*

ಅಮಾವಾಸ್ಯೆಯ ಬೆಳಗು. ಮುಧೋಳದ ರಸ್ತೆಗೆ ಹತ್ತಿದ ಒಂದು ಬೀಳು ಯರಿ ಹೊಲ. ಕಪ್ಪು ಮಣ್ಣು ಬಟ್ಟೆಗೆ ತಾಗಬಾರದೆಂದು ಸತ್ಯವ್ವನ ಮಾತಿನಂತೆ ಕೆಳಗೆ ಕಬ್ಬಿನ ಒಣ ಎಲೆಗಳ ರವದಿ ಹಾಸಿದರು. ಮೇಲೆ ತಾನುಗಳನ್ನು ಬಿಚ್ಚಿ, ಒಂದರ ಅಂಚಿಗೆ ಇನ್ನೊಂದರ ಅಂಚು ಏರಿಸಿ ಉದ್ದ ಟಾಕು ಹಾಕಿದರು. ಗಾಳಿಗೆ ಏಳದಂತೆ ಬಿಳಿ ಚೀಲಗಳಲ್ಲಿ ಮರಳು ತುಂಬಿ ಅಂಚಿಗೆ ಇಟ್ಟರು. ಒಂಬತ್ತು ಗಂಟೆಯ ಸುಮಾರಿಗೆ ಹೊಲದ ನಡುವೆ ಕಣ್ಣು ಕುಕ್ಕುವ ಒಂದು ಬಿಳಿ ಚೌಕ ಬಿದ್ದಿತ್ತು. ಪರಮಾನಂದ ಉದ್ದ ಕೋಲಿನ ತುದಿಗೆ ಅಳತೆಯ ಡಬ್ಬಿ ಕಟ್ಟಿ ಅಂಚಿನಿಂದ ಬಟ್ಟೆಯ ಮೇಲೆ ಚಾಚಿಕೊಂಡು ಕೂತ. ಆಟೊವನ್ನು ಬದುವಿನ ಮೇಲೆ ನಿಲ್ಲಿಸಿ, ಉದ್ದ ವಾಯರಿನ ಮೈಕು ಹಿಡಿದು ಈರಪ್ಪ ಕಾವಲಿಗೆ ನಿಂತ.

ಬಿಳಿ ಬಟ್ಟೆಯ ಮೇಲೆ ಈ ಭೂಮಿಯ ಮೇಲಿರುವ ಎಲ್ಲದಕ್ಕೂ ಕಣ್ಣಿದೆ ಎಂದು ಅವನಿಗೆ ಅರ್ಧ ತಾಸಿನಲ್ಲಿ ಗೊತ್ತಾಯಿತು. ಕಾಗೆ ಬಂದವು. ನಾಯಿ ಬಂತು. ಮಗ್ಗಗಳಿಗೆ ಅಮಾವಾಸ್ಯೆಯ ಸೂಟಿ, ಹಾಗಾಗಿ ಹುಡುಗರು ಬಂದರು. ಈರಪ್ಪ ಮೈಕಿನಲ್ಲಿ ಗುಡುಗಿದ:

"ಈ ಗಡಿ ದಾಟಿದವನ ಮನೆಗೆ ಸುದ್ದಿ ಹೋಗುತ್ತೆ! ಅವನು ಹೋಗಲ್ಲ!"

ಹುಡುಗರು ಚಪ್ಪಾಳೆ ಹೊಡೆದು, "ಇನ್ನೊಂದ ಹೇಳೋ ಈರಣ್ಣಾ!" ಎಂದು ಇನ್ನಷ್ಟು ಹತ್ತಿರ ಬಂದರು. ಹಿಂದಿನಿಂದ ಒಂದು ಆಡಿನ ಹಿಂಡು ಬಂತು. ಆಡುಗಳಿಗೆ ಸಿನಿಮಾದ ಅಭ್ಯಾಸವಿರಲಿಲ್ಲ. ಮುಂದಿನ ಹೋತ ಅಂಚಿನ ಚೀಲ ಮೂಸುವಷ್ಟರಲ್ಲಿ ಸತ್ಯವ್ವ ಒಂದು ಹೆಂಟೆ ಎಸೆದಳು. ಮಾತೇ ಆಡಲಿಲ್ಲ. ಹಿಂಡು ತಿರುಗಿತು.

"ಹಿಂಗ ಆದ್ರ ಹತ್ತೂವರಿ ತನಕ ಉಳಿಯೂದಿಲ್ಲಪಾ," ಎಂದ ಪರಮಾನಂದ. "ಒಂದ ಹುಡುಗ ಓಡಿ ಹೋದ್ರ ಎಲ್ಲಾ ಕೆಟ್ಟಂಗ."

ಬಟ್ಟೆಯ ಮೇಲೆ ಕರಿ ಮಣ್ಣಿನ ಹತ್ತು ಬೆರಳು, ಹುಣ್ಣಿಮೆಗೆ ಸಮೀರವಾಡಿಯ ಗಾಡಿ. ಈರಪ್ಪನಿಗೆ ಎರಡೂ ಒಟ್ಟಿಗೆ ಕಂಡವು.

ಆಗ ಹಾಲವ್ವ ಬಂದಳು. ದೂರದಲ್ಲೇ ಚಪ್ಪಲಿ ಬಿಟ್ಟು, ಸೆರಗು ತಲೆಗೆ ಹೊದ್ದು, ಬಟ್ಟೆಯ ಅಂಚಿಗೆ ಬಂದು ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಹಾಲವ್ವ ಮಡಿವಾಳರ ಮನೆತನದ ಹಿರಿಯಳು. ಸ್ವಾಮಿಗಳು ಊರಿಗೆ ಬಂದರೆ ಅವರ ಪಾದ ಬರೀ ನೆಲಕ್ಕೆ ತಾಗಬಾರದೆಂದು ದಾರಿಗೆ ಬಿಳಿ ಬಟ್ಟೆ ಹಾಸುತ್ತಾರಲ್ಲ, ಆ ನಡೆಮಡಿ ಹಾಸುವ ಹಕ್ಕು ಅವರ ಮನೆಯದು. ಆ ಸೀಮೆಯಲ್ಲಿ ನೆಲಕ್ಕೆ ಬಿಳಿ ಬಟ್ಟೆ ಹಾಸಲು ಬೇರೊಂದು ಕಾರಣ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಸಾಮಾನ್ಯ ಸ್ವಾಮಿಗೆ ಎರಡು ಮೊಳ ಅಗಲದ ನಡೆಮಡಿ ಸಾಕು. ಒಂದೂಕಾಲು ಎಕರೆ ಹಾಸಿದ್ದಾರೆಂದರೆ ಬರುವವರು ಎಂಥವರಿರಬೇಕು!

"ನಮ್ಮನ್ನ ಕೇಳದ ಹಾಸೀರಿ," ಎಂದಳು ಹಾಲವ್ವ. "ಇರಲಿ. ಯಾರ ಬರಾಕತ್ತಾರಪಾ?"

ಈರಪ್ಪ ಬಾಯಿ ತೆರೆದ. ಹೇಳಬೇಕಾದ ನಿಜ ನಾಲಗೆಯ ತುದಿಯಲ್ಲಿತ್ತು: ಯಾರೂ ಇಲ್ಲಾ ಆಯಿ, ಇದು ಒಂದು ಯಂತ್ರಕ್ಕೆ. ಅಷ್ಟರಲ್ಲಿ ಅವನು ಹುಡುಗರ ಕಡೆ ನೋಡಿದ. ಮುದುಕಿ ನಮಸ್ಕಾರ ಮಾಡಿದ್ದನ್ನು ಕಂಡು ಅವರೆಲ್ಲ ಎರಡು ಮಾರು ಹಿಂದೆ ಸರಿದು ಕೈ ಕಟ್ಟಿ ನಿಂತಿದ್ದರು.

ಈರಪ್ಪ ತೆರೆದ ಬಾಯನ್ನು ಮುಚ್ಚಿದ.

ಊರಿಗೆ ಊರೇ ಅವನ ಚೇಷ್ಟೆಗಳನ್ನು ನೋಡಿತ್ತು. ಆದರೆ ಅವನು ಬಾಯಿ ಮುಚ್ಚಿಕೊಂಡು ಮಾಡಿದ ಚೇಷ್ಟೆ ಇದೊಂದೇ. ಅವನಂಥವನೇ ಸುಮ್ಮನಾದನೆಂದರೆ ಬರುವವರು ಬಹಳ ದೊಡ್ಡವರು ಎಂದು ಹಾಲವ್ವನಿಗೆ ಖಾತ್ರಿಯಾಯಿತು. ಅವಳು ಒಂದು ಉದ್ದ ಕೋಲು ತರಿಸಿ, ಅಂಚಿನಲ್ಲಿ ನಿಂತೇ ಬಟ್ಟೆಯ ಸುಕ್ಕುಗಳನ್ನು ಒಂದೊಂದಾಗಿ ಸರಿಪಡಿಸತೊಡಗಿದಳು.

ಸುದ್ದಿ ಬನಹಟ್ಟಿಗೆ ಹೋಯಿತು, ರಬಕವಿಗೂ ಹೋಯಿತು. ಹತ್ತು ಗಂಟೆಗೆ ಹೊಲದ ನಾಲ್ಕೂ ದಿಕ್ಕಿಗೆ ಜನ. ಒಬ್ಬರ ಕಾಲಲ್ಲೂ ಚಪ್ಪಲಿ ಇಲ್ಲ, ಒಬ್ಬರ ಬೆರಳೂ ಬಟ್ಟೆಗೆ ತಾಗಿಲ್ಲ. ಹೆಂಗಸರು ಕೂಸುಗಳನ್ನು ಬಿಗಿಯಾಗಿ ಹಿಡಿದಿದ್ದರು, ಆಡುಗಳನ್ನು ಯಾರೋ ಅರ್ಧ ಮೈಲಿ ಆಚೆ ಬಿಟ್ಟುಬಂದಿದ್ದರು, ಕಾಗೆ ಓಡಿಸಲು ನಾಲ್ಕು ಗಂಡಸರು ಸ್ವಂತ ಖುಷಿಯಿಂದ ನಿಂತಿದ್ದರು.

"ಸುಕ್ಕು ಸಹಿತ ಹೋಗ್ಯಾವಲ್ಲೋ! ಏನ ಹೇಳಿದಿ ಇವರಿಗೆ?" ಎಂದ ಪರಮಾನಂದ ಪಿಸುದನಿಯಲ್ಲಿ.

"ಏನೂ ಹೇಳಿಲ್ರಿ. ಹುಟ್ಟಿದಾಗಿಂದ ಇದ ಮದಲನೇ ಸಲ."

ಹತ್ತೂವರೆ. ಆಕಾಶದಲ್ಲಿ ಒಂದು ಮೋಡವಿಲ್ಲ, ಒಂದು ಸದ್ದಿಲ್ಲ. ಪರಮಾನಂದ ಗಡಿಯಾರ ನೋಡಿ, "ಈಗ," ಎಂದ. ಡಬ್ಬಿಯ ಮುಳ್ಳು ನೋಡಿ ಏನೋ ಬರೆದುಕೊಂಡ. "ಆತು," ಎಂದ.

ಅಷ್ಟೇ. ಸಿನಿಮಾ ಆಗಿದ್ದರೆ ಈರಪ್ಪ ಟಿಕೆಟ್ಟಿನ ದುಡ್ಡು ವಾಪಸು ಕೇಳುತ್ತಿದ್ದ. ಜನ ಇನ್ನೂ ಮುಧೋಳದ ರಸ್ತೆಯನ್ನೇ ನೋಡುತ್ತಿದ್ದರು.

*

ಬಟ್ಟೆ ಹಾಲಿನ ಹಾಗೆ ಬಿದ್ದಿತ್ತು. ಒಂದು ಕಲೆಯಿಲ್ಲ. ಈರಪ್ಪ ಕಣ್ಣಲ್ಲೇ ಮದುವೆಯ ಹಂದರ ಹಾಕಿ, "ಸುತ್ತಾಕ ಹತ್ರಿ," ಎಂದು ಆಳುಗಳಿಗೆ ಕೈ ಮಾಡಿದ.

"ತಡೀರಿ!" ಎಂದಳು ಹಾಲವ್ವ. "ಯಾರ ನಡದ್ರು?"

ಅವಳು ಕೈಯಲ್ಲಿದ್ದ ಕೋಲನ್ನು ಆಳುಗಳಿಗೆ ಅಡ್ಡ ಹಿಡಿದಳು.

"ಹಾಸಿದ ನಡಿಮಡಿ ಯಾರೂ ನಡೀದ ಸುತ್ತಬಾರದು. ಬರಾವ್ರು ತಿರುಗಿ ಹೋದಂಗ. ನಮ್ಮ ಅತ್ತಿ ಕಾಲದಾಗ ಒಮ್ಮೆ ಹಿಂಗ ಸುತ್ತಿದ್ರು. ಮೂರ ವರ್ಷ ಊರಾಗ ಒಂದ ತೊಟ್ಟಲಾ ಕಟ್ಟಲಿಲ್ಲ."

ಕೂಸು ಹಿಡಿದಿದ್ದ ಹೆಂಗಸರು ಗುಜುಗುಜು ಶುರು ಮಾಡಿದರು. ಕೂಸಿಲ್ಲದವರು ಎದ್ದೇ ನಿಂತರು.

ಈರಪ್ಪ ಮೈಕು ಎತ್ತಿದ. "ಬಂದ ಹೋದ್ರು ಆಯಿ! ಈಗಷ್ಟ ಬಂದ ಹೋದ್ರು! ಮ್ಯಾಲಿಂದ ಹಾದು ಹೋದ್ರು, ನಿಮಗ ಕಾಣಲಿಲ್ಲ, ಸಾಹೇಬರಿಗೆ ಕಾಣ್ತು!"

"ಹಂಗರ ಹೆಜ್ಜಿ ಎಲ್ಲಿ?"

ಎಲ್ಲರೂ ಪರಮಾನಂದನ ಕಡೆ ತಿರುಗಿದರು. ಅವನು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಅದರ ಗುರುತು ಇಲ್ಲಿ ಬೀಳೂದಿಲ್ಲ ಆಯಿ. ಅಲ್ಲಿ ಟೇಪಿನ್ಯಾಗ ಬಿದ್ದಿರತೈತಿ. ಅದು ಕಚೇರಿಗೆ ಬಂದು, ಫೋಟೋ ಆಗಿ, ನಮ್ಮ ಕೈಗೆ ಸಿಗಬೇಕಂದ್ರ ಒಂದ ತಿಂಗಳ ಮ್ಯಾಲ ಆಕ್ಕೈತಿ."

ಹಾಲವ್ವ ಯೋಚಿಸಿದಳು. "ಆತು. ಹೆಜ್ಜಿ ಬರೂ ತನಕ ಅರಿವಿ ಹಿಂಗ ಇರಲಿ. ನಾವು ಪಾಳಿ ಮ್ಯಾಲ ಕಾಯತೇವಿ."

ಜನಕ್ಕೆ ಇದು ನ್ಯಾಯವೆನ್ನಿಸಿತು. ಇಬ್ಬರು ಆಗಲೇ ಕಾವಲಿನ ಗುಡಿಸಲಿಗೆ ಗಳ ತರಲು ಹೊರಟರು.

ಒಂದು ತಿಂಗಳು! ಯರಿ ಹೊಲದ ಧೂಳು, ಇಬ್ಬನಿ, ಕಾಗೆ. ಅಷ್ಟೇಕೆ, ಮಾವ ಮಧ್ಯಾಹ್ನಕ್ಕೇ ಬಟ್ಟೆ ಒಯ್ಯಲು ಬರುತ್ತಾನೆ. ಈರಪ್ಪ ಹಾಲವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಆಯಿ, ಸಾಹೇಬರ ನಡದ್ರ ನಡೀತೈತಿಲ್ಲೋ? ದೊಡ್ಡ ಓದು ಓದ್ಯಾರ. ಕಾಲ ತೊಳಕೊಂಡು, ಒರಸಿಕೊಂಡು, ಮೆಲ್ಲಕ ಈ ಕಡೆಯಿಂದ ಆ ಕಡೆ..."

"ತೊಳದ ಕಾಲು? ಪಾದದ ಧೂಳಿ ಅರಿವಿ ಮ್ಯಾಲ ಉಳೀಬೇಕೋ ಹುಚ್ಚಾ. ಆ ಹೆಜ್ಜಿ ಬಿದ್ದ ಅರಿವಿ ಹರದು ಕೂಸಿನ ತಲಿಗೆ ಕುಂಚಿಗಿ ಹೊಲಸ್ತಾರ. ಧೂಳಿ ಇಲ್ಲದ ನಡಿಮಡಿ ಅಂದ್ರ ಉಪ್ಪಿಲ್ಲದ ಸಾರ ಇದ್ದಂಗ."

"ಹಂಗರ ನಾ ನಡೀಲಿ?"

ಹಾಲವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಿನ್ನಿ ನಮ್ಮ ಓಣ್ಯಾಗ 'ಎಂಟು ಫೈಟು, ಆರು ಡ್ಯಾನ್ಸು' ಅಂತ ಒದರಿದಾಂವ ನೀನ ಅಲ್ಲೇನು?"

ಈರಪ್ಪ ಎದ್ದು ಸತ್ಯವ್ವನ ಹತ್ತಿರ ಬಂದ. ಮಾವನಿಗೆ ಕಲೆ ಬೀಳಬಾರದು, ಮುದುಕಿಗೆ ಕಲೆ ಬೀಳಲೇಬೇಕು. ನೂರಾರು ಸಿನಿಮಾದ ಎಲ್ಲ ಕೊನೆಯ ರೀಲುಗಳನ್ನು ಮನಸ್ಸಿನಲ್ಲೇ ಓಡಿಸಿದ. ಒಂದರಲ್ಲೂ ಇಂಥ ಸಿಕ್ಕು ಇರಲಿಲ್ಲ. ಇದ್ದರೂ ನಾಯಕ ಯಾರನ್ನಾದರೂ ಹೊಡೆದು ಬಿಡಿಸಿಕೊಂಡಿರುತ್ತಿದ್ದ. ಇಲ್ಲಿ ಎದುರಿಗಿದ್ದವಳು ಎಪ್ಪತ್ತರ ಮುದುಕಿ.

"ಸತ್ಯವ್ವಾ," ಎಂದ. "ನನಗ ಏನೂ ತಿಳೀವಲ್ತು. ನೀ ಇಲ್ಲದ ನನಗ ಹೆಂಗೋ ಆಕ್ಕೈತಿ. ನನ್ನ ಲಗ್ನ ಆಗ್ತಿಯೇನು?"

ಅದು ಮನೆಯ ಕನ್ನಡವಾಗಿತ್ತು. ಅವನಿಗೇ ಗೊತ್ತಾಗಲಿಲ್ಲ.

ಸತ್ಯವ್ವ ಅವನನ್ನು ನೋಡಲಿಲ್ಲ. ಬಟ್ಟೆಯ ಆಚೆ ತುದಿ ನೋಡುತ್ತಿದ್ದಳು. ಅಲ್ಲಿ, ಬೆಳಗ್ಗೆಯಷ್ಟೇ ನೀರು ಹಾಯಿಸಿದ್ದ ಪಕ್ಕದ ಕಬ್ಬಿನೊಳಗಿಂದ ಗಿರಿಮಲ್ಲಪ್ಪ ಹೊರಬರುತ್ತಿದ್ದ. ತನ್ನ ಬಟ್ಟೆಯ ಸುತ್ತ ಊರೇ ಕೂತಿರುವ ಸುದ್ದಿ ಕೇಳಿ ಅಡ್ಡದಾರಿಯಲ್ಲಿ ಬಂದಿದ್ದ. ಕೆಸರಿನಲ್ಲಿ ಹೂತ ಚಪ್ಪಲಿ ಅಲ್ಲೇ ಬಿಟ್ಟಿದ್ದ. ಮೊಳಕಾಲವರೆಗೆ ಯರಿ ಮಣ್ಣು ಮೆತ್ತಿತ್ತು. ಜನ ದಾರಿ ಬಿಟ್ಟರು. ಬಟ್ಟೆಯ ಅಂಚಿಗೆ ಬಂದು ನಿಂತು, ಅವನು ತನ್ನ ಮಾಲಿನ ಮೇಲೆ ಮೂಲೆಯಿಂದ ಮೂಲೆಗೆ ಕಣ್ಣು ಹಾಯಿಸಿದ.

"ಹೂಂ," ಎಂದಳು ಸತ್ಯವ್ವ. "ಆಗ್ತೇನಿ. ಈಗ ಸುಮ್ಮ ನಿಂದ್ರು. ಓಡಬ್ಯಾಡ."

ಎಂದವಳೇ ಈರಪ್ಪನ ಕೈ ಹಿಡಿದಳು. ಮೈಕು ಇದ್ದ ಕೈ. ಊರಿನ ಮುಂದೆ, ಹಾಡುಹಗಲು, ಬೆರಳಿಗೆ ಬೆರಳು ಹೆಣೆದು ಹಿಡಿದಳು. ಹಿಡಿದು, ಆಚೆ ತುದಿಯಲ್ಲಿದ್ದ ಅಪ್ಪನಿಗೆ ಕಾಣುವ ಹಾಗೆ ಸ್ವಲ್ಪ ಮೇಲೆತ್ತಿದಳು.

ಬಟ್ಟೆಯ ಸುತ್ತ ಬಳಸಿ ಬರಲು ದಾರಿ ಇತ್ತು. ಆದರೆ ಮಗಳ ಕೈ ಇನ್ನೊಬ್ಬನ ಕೈಯಲ್ಲಿ ಕಂಡ ತಂದೆ ಸುತ್ತಿಕೊಂಡು ಬರುವುದಿಲ್ಲ. ಗಿರಿಮಲ್ಲಪ್ಪ ನೆಟ್ಟಗೆ ಹೊರಟ. ಸಿಟ್ಟಿನಲ್ಲಿ ಮುಷ್ಟಿ ಬಿಗಿದು, ಕಣ್ಣು ಆ ಎರಡು ಕೈಗಳ ಮೇಲಿಟ್ಟು, ಧಪ್ ಧಪ್ ಎಂದು ಹೆಜ್ಜೆ ಹಾಕಿದ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ, ಯಾರೂ ಹೇಳದೆ ಒಬ್ಬ ತಾನಾಗಿ ನಡೆದನೆಂದು ಹಾಲವ್ವ ಎರಡೂ ಕೈ ಮೇಲೆತ್ತಿ ಕೂಗಿದಳು:

"ಹರಹರ ಮಹಾದೇವ!"

ಹೊಲವೆಲ್ಲ ಅದನ್ನೇ ಕೂಗಿತು. ಬರುವವರಿಗೆಂದು ತಂದಿದ್ದ ಹೂವು ಬಿದ್ದವು. ಗಿರಿಮಲ್ಲಪ್ಪ ನಿಂತ. ಕೆಳಗೆ ನೋಡಿದ. ಹಾಲಿನಂಥ ತನ್ನ ಧೋತರದ ಬಟ್ಟೆಯ ಮೇಲೆ ನಾಲ್ಕು ಕರಿ ಹೆಜ್ಜೆ ಸ್ಪಷ್ಟವಾಗಿ ಮೂಡಿದ್ದವು. ಹಿಂದೆ ತಿರುಗಿದ. ಅಲ್ಲಿನ ಜನ ಆಗಲೇ ಅಡ್ಡಬಿದ್ದಿದ್ದರು. ಅವರ ಮೇಲೆ ಕಾಲಿಟ್ಟು ಹೋಗುವಂತಿರಲಿಲ್ಲ.

"ನಡೀರಿ ಅಪ್ಪಾ, ನಡೀರಿ," ಎಂದಳು ಹಾಲವ್ವ. "ನಡುವ ನಿಂದ್ರಬಾರದು."

ಗಿರಿಮಲ್ಲಪ್ಪ ನಡೆದ. ಅರ್ಧ ದಾರಿಯವರೆಗೆ ಮುಷ್ಟಿ ಬಿಗಿದೇ ಇತ್ತು. ಮುಕ್ಕಾಲಿಗೆ ಬರುವಾಗ ಸಡಿಲಾಯಿತು. ಕೈಮುಗಿದ ನೂರಾರು ಜನರ ನಡುವೆ ಕೈ ಎಲ್ಲಿಡಬೇಕೆಂದು ಮನುಷ್ಯನಿಗೆ ತಿಳಿಯುವುದಿಲ್ಲ. ಈಚೆ ಅಂಚಿಗೆ ಮುಟ್ಟುವಾಗ ಅವನ ಎರಡೂ ಕೈ ಎದೆಯ ಮುಂದೆ ಜೋಡಿಸಿಕೊಂಡಿದ್ದವು. ಹಾಲವ್ವ ಅವನ ಪಾದಕ್ಕೆ ನೀರು ಹಾಕಿ, ಒರೆಸಿ, ಹಣೆ ಹಚ್ಚಿದಳು. ಸೋಲಾಪುರದ ಯಾವ ಸಾಹುಕಾರನೂ ಗಿರಿಮಲ್ಲಪ್ಪನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

"ಮಾಮಾ, ಕಲಿ..." ಎಂದ ಈರಪ್ಪ, ಮೆಲ್ಲಗೆ.

"ಕಾಣತೈತಿ ಬಿಡು."

"ಯಾರ ಹೆಜ್ಜೀರಿ ಮಾಮಾ ಅವು?"

ಗಿರಿಮಲ್ಲಪ್ಪ ಹಲ್ಲು ಕಚ್ಚಿದ. ಅವನು ಪಿಸುಮಾತಿನಲ್ಲೇ ಹೇಳಿದ. ಆದರೆ ಇಬ್ಬರ ಕೈಯೊಳಗಿದ್ದ ಮೈಕನ್ನು ಯಾರೂ ಆರಿಸಿರಲಿಲ್ಲ. ಬದುವಿನ ಮೇಲಿದ್ದ ಆಟೊದ ಸ್ಪೀಕರಿನ ಭೋಂಗಾ ಆ ಪಿಸುಮಾತನ್ನು ಮುಧೋಳದ ರಸ್ತೆಯವರೆಗೆ ಮುಟ್ಟಿಸಿತು:

"ನನ್ನವು. ನಾನ ಮಾಡೇನಿ, ನಿಂದೇನೂ ತಪ್ಪಿಲ್ಲ. ಹುಡಿಗೀನ ಕೊಡ್ತೇನಿ, ತಗೋ. ಮದಲ ಈ ಮಂದೀನ ಮನಿಗೆ ಕಳಸು."

ನಡೆಮಡಿ ನಡೆದವರು ಕೊಟ್ಟ ಮಾತು ಸುಳ್ಳಾಗುವುದಿಲ್ಲ. ಜನ ಇನ್ನೊಮ್ಮೆ ಹರಹರ ಎಂದರು. ಕೊಟ್ಟ ಮಾತಿಗೆ ಇಷ್ಟೊಂದು ಸಾಕ್ಷಿಗಳು ಜಮಖಂಡಿಯ ಕೋರ್ಟಿನಲ್ಲೂ ಸಿಗುವುದಿಲ್ಲ.

ಹಾಲವ್ವ ಕತ್ತರಿ ತರಿಸಿ, ಹೆಜ್ಜೆ ಬಿದ್ದ ಪಟ್ಟಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿ, ಕೂಸಿನ ತಾಯಂದಿರಿಗೆ ಹಂಚಿದಳು. ತನ್ನ ಮಾಲು ಚರಚರ ಹರಿಯುವ ಸದ್ದಿಗೆ ಗಿರಿಮಲ್ಲಪ್ಪನ ಮುಖ ಒಂದೊಂದು ಸಲ ಕಿವುಚಿತು. ಆದರೆ ಬಾಯಿ ಬಿಡಲಿಲ್ಲ. ಕಾಲಿಗೆ ಬಿದ್ದವರ ಮುಂದೆ ಗಜದ ಲೆಕ್ಕ ಮಾತಾಡುವುದು ಹೇಗೆ? ಮೂರನೆಯ ಕೂಸನ್ನು ಅವನ ಕಾಲ ಬಳಿ ಮಲಗಿಸಿದಾಗ ಅವನೇ ಬಗ್ಗಿ ಅದರ ತಲೆ ಮುಟ್ಟಿದ. ನಾಲ್ಕನೆಯದನ್ನು ತಾನೇ ಕರೆದ.

ಪರಮಾನಂದ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. "ಅಲ್ಲೋ ಈರಪ್ಪ, ಇವರು ಹತ್ತ ನಿಮಿಷ ಮದಲ ಬಂದಿದ್ರ?"

"ನಿಮ್ಮ ಆ ಕಣ್ಣಿಗೆ ಮನಿ ಸಹಿತ ಕಾಣೂದಿಲ್ಲಂದ್ರಿ. ಮಾಮಾ ಕಾಣತಿದ್ದನೇನ್ರಿ?"

"ಅಂವ ಕಾಣತಿದ್ದಿಲ್ಲ. ಇಷ್ಟೂ ಮಂದಿ ಅಂವನ ಬೆನ್ನ ಹತ್ತಿ ಅರಿವಿ ಮ್ಯಾಲ ಬಂದಿದ್ರ ಕಾಣತಿದ್ರು," ಎಂದು ಪರಮಾನಂದ ಗಂಭೀರವಾಗಿ ಲೆಕ್ಕ ಹಾಕುತ್ತ ಜೀಪಿನ ಕಡೆ ನಡೆದ.

ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಈರಪ್ಪ ಎದೆ ಉಬ್ಬಿಸಿ ಮೈಕನ್ನು ಬಾಯಿಯ ಹತ್ತಿರ ತಂದ. ಇಂಥ ಹೊತ್ತಿಗೆಂದೇ ವರ್ಷಗಳಿಂದ ಕಾದಿಟ್ಟ ಒಂದು ಉದ್ದ ಡೈಲಾಗು ಅವನ ಹತ್ತಿರ ಇತ್ತು. ಪ್ರೀತಿ, ಪ್ರಳಯ, ಏಳು ಜನ್ಮ ಎಲ್ಲ ಅದರಲ್ಲಿದ್ದವು.

ಸತ್ಯವ್ವ ಅಂಚಿನ ಮರಳಿನ ಚೀಲ ತೆಗೆದು ಬದಿಗಿಟ್ಟಳು.

"ಅದನ್ನ ಕೆಳಗ ಇಡು," ಎಂದಳು. "ಆ ತುದಿ ಹಿಡಿ. ಬಿಸಲ ಏರೂದರೊಳಗ ಸುತ್ತೂಣು."